ಪ್ಲೈವುಡ್ ಅಂಚಿಗೆ ಅರಗು

ಸ್ಪೀಕರ್ ಪೆಟ್ಟಿಗೆಯನ್ನು ಮನೆಯಲ್ಲೇ ಮಾಡುವವರಿಗೆ ಪ್ಲೈವುಡ್ ಕೊಯ್ಯುವುದು, ಅಂಟಿಸುವುದು ಅಷ್ಟು ಕಷ್ಟವಲ್ಲ. ತೊಂದರೆ ಶುರುವಾಗುವುದು ಬಣ್ಣದ ಹೊತ್ತಿಗೆ. ಪ್ಲೈವುಡ್‌ನಲ್ಲಿ ಒಂದು ಪದರದ ಎಳೆ ಇನ್ನೊಂದಕ್ಕೆ ಅಡ್ಡ ಬರುವಂತೆ ಅಂಟಿಸಿರುತ್ತಾರೆ. ಹಾಗಾಗಿ ಕೊಯ್ದ ಅಂಚಿನಲ್ಲಿ ಒಂದು ಬಿಟ್ಟು ಒಂದು ಪದರದ ಎಳೆಗಳು ಬಾಯಿ ತೆರೆದುಕೊಂಡಿರುತ್ತವೆ. ಆ ಪದರಗಳು ಬಣ್ಣವನ್ನು ಹೆಚ್ಚು ಕುಡಿಯುತ್ತವೆ, ಪಕ್ಕದವು ಕಡಿಮೆ. ಒಣಗಿದ ಮೇಲೆ ಅಂಚಿನ ತುಂಬ ಗೆರೆಗಳು ಏಳುತ್ತವೆ. ಅದಕ್ಕೇ ಮೊದಲು ಲಪ್ಪ ತುಂಬಿ, ಉಜ್ಜಿ, ಮೇಲೆ ಸೀಲರ್ ಬಳಿಯುವುದು. ಇಂದು ಅಂಗಡಿಯಲ್ಲಿ ಸಿಗುವ ಸೀಲರ್ ಹೆಚ್ಚಾಗಿ ನೈಟ್ರೋಸೆಲ್ಯುಲೋಸಿನದು. ಅದಕ್ಕೂ ಹಿಂದಿನದು, ಕೆಲವರ ಕೈಯಲ್ಲಿ ಈಗಲೂ ಉಳಿದಿರುವುದು, ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು.

ಹಿಂದಿ ಬಲ್ಲ ಬಡಗಿಗಳು ಅದರ ಹಾಳೆಚೂರುಗಳನ್ನು ಚಪಡಾ ಎನ್ನುತ್ತಾರೆ. ಅರಗಿಗೆ ತಮಿಳಿನಲ್ಲಿ ಅರಕ್ಕು, ತೆಲುಗಿನಲ್ಲಿ ಲಕ್ಕ, ಹಿಂದಿಯಲ್ಲಿ ಲಾಖ್. ಇಂಗ್ಲಿಷಿನ ಶೆಲ್ಯಾಕ್ ಎಂದರೆ ಚಿಪ್ಪಿನಂತೆ ತೆಳುವಾದ ಲಾಖ್. ಮುತ್ತುಗ, ಬೋರೆ, ಕುಸುಮ ಮರಗಳ ಎಳೆಕೊಂಬೆಗೆ ಕಚ್ಚಿಕೊಂಡು ರಸ ಹೀರುವ ಪುಟ್ಟ ಕೀಟ ತನ್ನ ಮೈ ಸುತ್ತ ಕಟ್ಟಿಕೊಳ್ಳುವ ಗೂಡೇ ಇದು. ಪಾಂಡವರನ್ನು ಸುಡಲು ಕಟ್ಟಿಸಿದ್ದು ಅರಗಿನ ಮನೆ. ಅದಕ್ಕೆ ಬೆಂಕಿ ಬೇಗ ಹಿಡಿಯುತ್ತದೆಂದು ಕಥೆ ಕೇಳಿದವರಿಗೆಲ್ಲ ಗೊತ್ತು. ನೀರಿನ ಆವಿಯನ್ನು ಅದು ಚೆನ್ನಾಗಿ ತಡೆಯುತ್ತದೆಂಬುದು ಮರಗೆಲಸದವರಿಗೆ ಗೊತ್ತು.

ಗೋವೆಯಲ್ಲಿದ್ದ ಡಚ್ ಪ್ರವಾಸಿ ಲಿನ್‌ಸ್ಕೋಟನ್, 1596ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ, ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುವ ಭಾರತೀಯರ ಕ್ರಮವನ್ನು ಬಣ್ಣಿಸಿದ್ದಾನೆ. ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಬರುವುದು ಇವತ್ತಿಗೂ ಹೀಗೆಯೇ.

ಹಾಳೆ ಅರಗಿನ ತಯಾರಿ ಮಾತ್ರ ಮೈಮುರಿಯುವ ಕೆಲಸ. ತೊಳೆದ ಅರಗನ್ನು ಉದ್ದನೆಯ ಬಟ್ಟೆಚೀಲಕ್ಕೆ ತುಂಬಿ ಕೆಂಡದ ಮುಂದೆ ಹಿಂಡುತ್ತಿದ್ದರು. ಒಸರಿದ ಅರಗನ್ನು ಬಿಸಿನೀರು ತುಂಬಿದ ಕೊಳವೆಯ ಮೇಲೆ ಹರಡುತ್ತಿದ್ದರು. ಆಮೇಲೆ ಒಬ್ಬ ಕೆಲಸಗಾರ ಆ ಬಿಸಿ ಹಾಳೆಯನ್ನು ಎತ್ತಿ, ಬೆಂಕಿಯೆದುರೇ ನಿಂತು, ಕೈ ಕಾಲು ಹಲ್ಲುಗಳಿಂದ ಆಳೆತ್ತರಕ್ಕೆ ಎಳೆಯುತ್ತಿದ್ದ. ಆರಿದ ಹಾಳೆ ಒಡೆದರೆ ಚಪಡಾ. ಯುರೋಪಿನ ಪೀಠೋಪಕರಣಗಳಿಗೆ ಹೆಸರು ತಂದ ಫ್ರೆಂಚ್ ಪಾಲಿಶ್ ನಿಂತಿದ್ದುದು ಈ ಹಾಳೆಯ ಮೇಲೆ.

ಅರಗಿಗೂ ಧ್ವನಿಗೂ ನಂಟು ಬೆಳೆದದ್ದು 1890ರ ದಶಕದಲ್ಲಿ. ಎಮಿಲ್ ಬರ್ಲಿನರ್ ತನ್ನ ಗ್ರಾಮೊಫೋನ್ ತಟ್ಟೆಗಳಿಗೆ ಅರಗಿನ ಮಿಶ್ರಣ ಆರಿಸಿಕೊಂಡ. ತಟ್ಟೆಯ ಹೆಚ್ಚಿನ ಪಾಲು ಕಲ್ಲಿನ ಪುಡಿ; ಅದನ್ನು ಬಿಗಿದು ಹಿಡಿದದ್ದು ಅರಗು. 1902ರಲ್ಲಿ ಕೋಲ್ಕತ್ತದಲ್ಲಿ ಮುದ್ರಣಗೊಂಡ ಗೌಹರ್ ಜಾನ್ ದನಿಯೂ ಇಂಥ ತಟ್ಟೆಗಳಲ್ಲೇ ಊರೂರು ಸುತ್ತಿತು. ಜಗತ್ತಿಗೆ ಬೇಕಾದ ಅರಗಿನ ಬಹುಪಾಲು ಹೋಗುತ್ತಿದ್ದುದು ಭಾರತದಿಂದ, ಅದರಲ್ಲೂ ಛೋಟಾ ನಾಗಪುರದ ಕಾಡುಗಳಿಂದ. 1924ರಲ್ಲಿ ರಾಂಚಿಯ ಹತ್ತಿರ ನಾಮಕುಮ್‌ನಲ್ಲಿ ಅರಗಿಗೆಂದೇ ಸಂಶೋಧನಾ ಸಂಸ್ಥೆ ಹುಟ್ಟಿತು. 1942ರಲ್ಲಿ ಯುದ್ಧದ ಅಗತ್ಯಕ್ಕಾಗಿ ಅಮೆರಿಕ ಸರ್ಕಾರ ರೆಕಾರ್ಡ್ ಕಂಪನಿಗಳ ಅರಗಿನ ಬಳಕೆಯನ್ನು ಶೇ. 70ರಷ್ಟು ಕಡಿತಗೊಳಿಸಿತು. ಕಂಪನಿಗಳು ಹಳೆಯ ತಟ್ಟೆಗಳನ್ನು ಕೊಂಡು, ಪುಡಿ ಮಾಡಿ, ಹೊಸ ಹಾಡು ಒತ್ತಿದವು. 1948ರಲ್ಲಿ ವಿನೈಲಿನ ಎಲ್‌ಪಿ ಬಂದ ಮೇಲೆ ಆ ಬೇಡಿಕೆ ಮೆಲ್ಲಗೆ ಕರಗಿತು.

ಮೈಸೂರಿನಲ್ಲಿ ಇದೇ ಅರಗನ್ನು ನಂಬಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ, ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಶುರುವಾಯಿತು. 1962ರ ಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಅಳಿಸಲಾಗದ ಶಾಯಿ ಒದಗಿಸುತ್ತಿರುವುದು ಇದೇ ಕಾರ್ಖಾನೆ. ಶಾಯಿಯ ಹೆಸರು ಎಲ್ಲರಿಗೂ ಗೊತ್ತು, ಹುಟ್ಟಿಗೆ ಕಾರಣವಾದ ಅರಗು ಹೆಸರಿನಿಂದಲೂ ಜಾರಿತು: 1989ರಿಂದ ಅದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್.

ಹಾಡು ಹೊತ್ತ ಅರಗಿಗೆ ಈಗ ಹಾಡುವ ಪೆಟ್ಟಿಗೆಯನ್ನು ಕಾಯುವ ಕೆಲಸ ಉಳಿದಿದೆ. ಅದಕ್ಕೂ ಕ್ರಮವಿದೆ. ಅರಗಿನಲ್ಲಿ ಸಹಜವಾಗಿ ಸ್ವಲ್ಪ ಮೇಣ ಇರುತ್ತದೆ, ಅದರ ಮೇಲೆ ಕೆಲವು ಬಣ್ಣಗಳು ಸರಿಯಾಗಿ ಹಿಡಿಯುವುದಿಲ್ಲ. ಆದ್ದರಿಂದ ಮೇಣ ತೆಗೆದ ಅರಗು ಬೇಕು. ದಪ್ಪಗೆ ಒಂದು ಸಲ ಬಳಿಯುವುದಕ್ಕಿಂತ ತೆಳ್ಳಗೆ ಎರಡು ಮೂರು ಸಲ ಬಳಿದು, ನಡುನಡುವೆ ನಯವಾದ ಕಾಗದದಿಂದ ಉಜ್ಜುವುದು ಮೇಲು. ಪೆಟ್ಟಿಗೆಯ ಒಳಮೈಗೂ ಬಳಿಯಬೇಕು: ಒಂದೇ ಮೈ ತೇವ ಹೀರಿದರೆ ಹಲಗೆ ಸೊಟ್ಟಗಾಗುತ್ತದೆ. ಮುಂಬೈ, ಚೆನ್ನೈಗಳ ಮಳೆಗಾಲದಲ್ಲಿ ಈ ಒಂದು ಕೈ ಹೆಚ್ಚಿನ ಕೆಲಸವನ್ನು ಯಾರೂ ದಂಡವೆನ್ನಲಾರರು.