ಅರಬೈಲ್ ಘಟ್ಟವೂ ಗೇರ್‌ಬಾಕ್ಸಿನ ದುರಸ್ತಿಯೂ

ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಸಹ್ಯಾದ್ರಿಯ ಭಿತ್ತಿ, ನಡುವೆ ಕಾಳಿ ಗಂಗಾವಳಿಗಳು ಸೀಳಿ ಹರಿಯುವ ಕಿರಿದಾದ ನೆಲ. ಇಂಥ ಸನ್ನಿವೇಶದಲ್ಲಿ ನೆಲೆಸಿದ ಕಾರವಾರ, ಅಂಕೋಲೆಗಳಲ್ಲಿ ಚಕ್ರವುಳ್ಳ ವಾಹನವನ್ನು ಇಟ್ಟುಕೊಂಡವನು ಅದರ ದುರಸ್ತಿಯ ಚಿಂತೆಯನ್ನೂ ಜೊತೆಗೇ ಕಟ್ಟಿಕೊಂಡನೆಂದೇ ಹೇಳಬೇಕು. ಕಾರಿನ ಗೇರ್‌ಬಾಕ್ಸು ಗುರುಗುಟ್ಟತೊಡಗಿದಾಗ ಅದನ್ನು ಸ್ವಹಸ್ತದಿಂದ ಬಿಚ್ಚಿ ಕಟ್ಟಬೇಕೋ, ಮಿಸ್ತ್ರಿಯ ವಶಕ್ಕೆ ಒಪ್ಪಿಸಬೇಕೋ ಎಂಬ ಪ್ರಶ್ನೆ ಮೇಲುನೋಟಕ್ಕೆ ಗೃಹಸ್ಥನೊಬ್ಬನ ಜಮಾಖರ್ಚಿಗೆ ಸೇರಿದ್ದೆಂದು ತೋರಿದರೂ, ಈ ಕರಾವಳಿಯಲ್ಲಿ ಅದಕ್ಕೊಂದು ದೀರ್ಘವಾದ ಪೂರ್ವೇತಿಹಾಸವುಂಟು.

ಆ ಇತಿಹಾಸದ ಮೊದಲ ಅಧ್ಯಾಯ ಹತ್ತಿಯದು. 1861ರಲ್ಲಿ ಅಮೆರಿಕೆಯ ಅಂತರ್ಯುದ್ಧ ಆರಂಭವಾಗಿ ಅಲ್ಲಿಯ ಹತ್ತಿ ಮ್ಯಾಂಚೆಸ್ಟರಿನ ಗಿರಣಿಗಳಿಗೆ ದುರ್ಲಭವಾದಾಗ, ಧಾರವಾಡ ಪ್ರಾಂತದ ಹತ್ತಿಯನ್ನು ಸಮುದ್ರಕ್ಕೆ ತರುವ ಸಮೀಪದ ಬಾಗಿಲೆಂದು ಕಾರವಾರದ ಮೇಲೆ ವ್ಯಾಪಾರಿಗಳ ದೃಷ್ಟಿ ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಆಧಿಪತ್ಯದಿಂದ ಬೇರ್ಪಡಿಸಿ ಮುಂಬಯಿಗೆ ಸೇರಿಸಿದ್ದರ ಹಿಂದೆಯೂ ಈ ಹಿತಾಸಕ್ತಿಯ ಪ್ರೇರಣೆಯಿತ್ತು. ಘಟ್ಟವನ್ನು ಕಡಿದು ಬಂಡಿಯ ದಾರಿಗಳಾದವು. ಆದರೆ 1880ರ ದಶಕದಲ್ಲಿ ಗೋವೆಯ ಮುರಗಾಂವ ಬಂದರಿಗೆ ರೈಲು ಇಳಿದದ್ದರಿಂದ ಸರಕು ಅತ್ತ ತಿರುಗಿ, ಕಾರವಾರಕ್ಕೆ ಘಟ್ಟದ ರಸ್ತೆ ಮಾತ್ರ ಉಳಿಯಿತು. ಹುಬ್ಬಳ್ಳಿ–ಅಂಕೋಲೆಯ ರೈಲುಮಾರ್ಗ ಇಂದಿಗೂ ಘಟ್ಟವನ್ನು ಇಳಿದಿಲ್ಲ. ಆ ರಸ್ತೆಯಲ್ಲಿ ಹತ್ತಿಯ ಅಂಡಿಗೆಗಳನ್ನು ಹೇರಿಕೊಂಡು ಇಳಿಯುತ್ತಿದ್ದ ಬಂಡಿಕಾರನಿಗೆ ಕೀಲೆಣ್ಣೆ, ಕಡೆಗೀಲು, ಹಗ್ಗಗಳೇ ಆಯುಧಸಾಮಗ್ರಿ. ಅಚ್ಚು ಮುರಿದರೆ ಕಾಡಿನಲ್ಲಿ ಅವನಿಗೆ ಅವನೇ ಬಡಗಿ.

ಮೋಟಾರು ಬಂದ ಮೇಲೆ ಈ ಸ್ವಾವಲಂಬನೆಯ ಸ್ವರೂಪ ಬದಲಾಯಿತು, ಅನಿವಾರ್ಯತೆ ಬದಲಾಗಲಿಲ್ಲ. ಫ್ರಾನ್ಸಿನ ಪನ್ಹಾರ್ ಮತ್ತು ಲೆವಸ್ಸೋರ್ ಎಂಬ ಇಬ್ಬರು ಯಂತ್ರಶಿಲ್ಪಿಗಳು 1890ರ ದಶಕದಲ್ಲಿ ರೂಪಿಸಿದ, ಹಲ್ಲುಚಕ್ರಗಳನ್ನೇ ಸರಿಸಿ ಒಂದಕ್ಕೊಂದು ಕೂಡಿಸುವ ಗೇರ್‌ಬಾಕ್ಸು ಬಹುಕಾಲ ಲೋಕವನ್ನಾಳಿತು. ತಿರುಗುತ್ತಿರುವ ಎರಡು ಭಾಗಗಳ ವೇಗವನ್ನು ಕಂಚಿನ ಬಳೆಯೊಂದರ ಘರ್ಷಣೆಯಿಂದ ಮೊದಲೇ ಸಮಗೊಳಿಸುವ ಸಿಂಕ್ರೋಮೆಶ್ ಎಂಬ ಉಪಾಯವನ್ನು ಕ್ಯಾಡಿಲಾಕ್ ಸಂಸ್ಥೆ ತನ್ನ ಕಾರುಗಳಲ್ಲಿ ಅಳವಡಿಸಿದ್ದು 1928ರಲ್ಲಿ. ಭಾರದ ಲಾರಿಗಳಿಗೆ ಅದು ಬರಲು ಇನ್ನೂ ದಶಕಗಳು ಬೇಕಾದವು. ಅಲ್ಲಿಯವರೆಗೆ ಸಿಂಕ್ರೋ ಬಳೆಯ ಕೆಲಸವನ್ನು ಚಾಲಕನ ಕಾಲೂ ಕಿವಿಯೂ ಮಾಡಬೇಕಾಗಿತ್ತು. ಈ ದಾರಿಯ ಅರಬೈಲ್ ಘಟ್ಟದ ತಿರುವಿನಲ್ಲಿ ಗೇರನ್ನು ಕೆಳಗಿಳಿಸುವ ಚಾಲಕನು ಕ್ಲಚ್ಚನ್ನು ಒತ್ತಿ ಗೇರನ್ನು ನ್ಯೂಟ್ರಲ್ಲಿಗೆ ತಂದು, ಕ್ಲಚ್ಚನ್ನು ಬಿಟ್ಟು ಆಕ್ಸಿಲರೇಟರನ್ನು ಒಮ್ಮೆ ತುಳಿದು, ಇಂಜಿನಿನ ಧ್ವನಿ ತಕ್ಕ ಶ್ರುತಿಗೆ ಏರಿದೊಡನೆ ಮತ್ತೆ ಕ್ಲಚ್ಚನ್ನು ಒತ್ತಿ ಕೆಳಗಿನ ಗೇರನ್ನು ಕೂಡಿಸುತ್ತಿದ್ದನು. ಡಬಲ್ ಕ್ಲಚ್ಚೆಂದು ಹೆಸರಾದ ಈ ಕೌಶಲದಲ್ಲಿ ಕ್ಷಣಮಾತ್ರ ತಪ್ಪಿದರೆ ಹಲ್ಲು ಹಲ್ಲಿಗೆ ಉಜ್ಜುವ ಕರ್ಕಶ ಶಬ್ದ ಕಣಿವೆಯಲ್ಲೆಲ್ಲ ಕೇಳಿಸುವುದು. ಇಳಿಜಾರಿನಲ್ಲಿ ಗೇರು ಜಾರಿ ನ್ಯೂಟ್ರಲ್ಲಿಗೆ ಬಿದ್ದರೆ ಇಂಜಿನಿನ ತಡೆ ತಪ್ಪಿ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುವುದು.

ಹೀಗೆ ಸವೆದ ಗೇರ್‌ಬಾಕ್ಸನ್ನು ಹೊಸದು ಮಾಡಿಸುವುದು ಆ ಕಾಲದಲ್ಲಿ ಸುಲಭವಾಗಿರಲಿಲ್ಲ. ಮುಂಬಯಿಯಿಂದ ಬರುವ ಆಗಬೋಟು ಮಳೆಗಾಲದಲ್ಲಿ ನಿಲ್ಲುತ್ತಿತ್ತು. ಉತ್ತರಕ್ಕೆ ಹೋಗಬೇಕೆಂದರೆ ಕೋಡಿಬಾಗದಿಂದ ಸದಾಶಿವಗಡಕ್ಕೆ ಕಾಳಿಯನ್ನು ತಾರಿಯಲ್ಲಿ ದಾಟಬೇಕಾಗಿತ್ತು. ಅಲ್ಲಿ ಸೇತುವೆಯಾದದ್ದು 1980ರ ದಶಕದಲ್ಲಿ. ಸ್ವಾತಂತ್ರ್ಯಾನಂತರ ಆಮದಿನ ಮೇಲೆ ನಿರ್ಬಂಧಗಳು ಬಿಗಿಯಾಗಿ, ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಸಂಸ್ಥೆಗಳು 1954ರ ಹೊತ್ತಿಗೆ ಭಾರತದಲ್ಲಿ ತಮ್ಮ ಜೋಡಣೆಯನ್ನು ನಿಲ್ಲಿಸಿದ್ದರಿಂದ, ಶೆವ್ರೊಲೆ, ಫೋರ್ಡುಗಳ ಬಿಡಿಭಾಗಗಳು ಅಪೂರ್ವ ವಸ್ತುಗಳಾದವು. ಆದಕಾರಣ ಯಜಮಾನನಾಗಲಿ ಚಾಲಕನಾಗಲಿ ಗೇರಿನ ಪೆಟ್ಟಿಗೆಯನ್ನು ತಾನೇ ಇಳಿಸಿ, ಇದ್ದ ಚಕ್ರಗಳಲ್ಲೇ ಕಡಿಮೆ ಸವೆದುದನ್ನು ಆರಿಸಿ, ಬುಷ್ಷನ್ನು ಹುಬ್ಬಳ್ಳಿಯಲ್ಲಿ ಲೇತಿಗೆ ಹಾಕಿಸಿ ತರಿಸಿ ಕೂಡಿಸಿಕೊಳ್ಳುವುದೇ ಗತಿ. ರೈಲ್ವೆ ಕಾರ್ಖಾನೆಯಿಂದಾಗಿ ಹುಬ್ಬಳ್ಳಿಯು ಲೇತು ಮತ್ತು ಫಿಟ್ಟರುಗಳ ಊರಾಗಿ ಬೆಳೆದಿತ್ತಷ್ಟೆ. ಅಂದಿನ ಸ್ವಹಸ್ತದ ದುರಸ್ತಿಯನ್ನು ನಾವು ಇಂದು ಹವ್ಯಾಸದ ಕಣ್ಣಿನಿಂದ ನೋಡಿ ಕೊಂಡಾಡುವುದುಂಟು. ಮಾಡಿದವರಿಗಾದರೋ ಅದು ಗತ್ಯಂತರವಿಲ್ಲದ ಶ್ರಮವಾಗಿತ್ತು.

ಆ ಶ್ರಮವನ್ನು ನೀಗಿದವನೇ ಮಿಸ್ತ್ರಿ. 1954ರಲ್ಲಿ ಟಾಟಾ ಸಂಸ್ಥೆಯು ಡೈಮ್ಲರ್-ಬೆನ್ಜ್ ಸಹಯೋಗದಿಂದ ಜಮಶೇಡಪುರದಲ್ಲಿ ಲಾರಿಗಳನ್ನು ನಿರ್ಮಿಸತೊಡಗಿತು. ಅದಿರು, ಮರಮಟ್ಟುಗಳನ್ನು ಹೊತ್ತ ಲಾರಿಗಳು ಘಟ್ಟವನ್ನು ಏರಿಳಿದಂತೆ, ದಾರಿಯ ಊರುಗಳಲ್ಲಿ ಗ್ಯಾರೇಜುಗಳು ಹುಟ್ಟಿದವು. ಪಾನಾ ಎತ್ತಿಕೊಡುವ ಹುಡುಗನಾಗಿ ಸೇರಿದವನು ವರ್ಷಗಳ ತರುವಾಯ ಕೈಪಳಗಿ ಮಿಸ್ತ್ರಿಯಾಗುವ ಗುರುಶಿಷ್ಯಪರಂಪರೆಯೊಂದು ಯಾವ ಪಾಠಶಾಲೆಯ ಹಂಗೂ ಇಲ್ಲದೆ ಬೆಳೆಯಿತು. ಅಂಬಾಸಿಡರ್ ಮತ್ತು ಫಿಯೆಟ್ ಕಾರುಗಳು ದಶಕಗಳವರೆಗೆ ಹೆಚ್ಚು ಮಾರ್ಪಾಡಿಲ್ಲದೆ ತಯಾರಾದದ್ದು ಈ ಪರಂಪರೆಗೆ ಪರಮೋಪಕಾರವಾಯಿತು. ಸ್ಟಿಯರಿಂಗ್ ಕಂಬದ ಬದಿಯಲ್ಲಿ ಹಿಡಿಕೆ, ಮುಂದಕ್ಕೆ ನಾಲ್ಕು ಗೇರು, ಹಳೆಯ ಮಾದರಿಗಳಲ್ಲಿ ಮೊದಲನೆಯದಕ್ಕೆ ಸಿಂಕ್ರೋ ಇಲ್ಲ, ಇಷ್ಟನ್ನು ಅರಿತವನಿಗೆ ಒಂದು ಪೆಟ್ಟಿಗೆಯ ವಿದ್ಯೆ ನೂರು ಪೆಟ್ಟಿಗೆಗಳಿಗೆ ಸಲ್ಲುತ್ತಿತ್ತು.

ಆ ವಿದ್ಯೆಯಾದರೂ ಎಂಥದು? ಪೆಟ್ಟಿಗೆಯನ್ನು ಬಿಚ್ಚುವ ಮೊದಲು ಮಿಸ್ತ್ರಿಯು ಅದರ ಹಳೆಯ ಎಣ್ಣೆಯನ್ನು ತಟ್ಟೆಗೆ ಇಳಿಸಿ ಬಿಸಿಲಿಗೆ ಹಿಡಿದು ನೋಡುವನು. ಹೊಂಬಣ್ಣದ ಹುಡಿ ಮಿನುಗಿದರೆ ಸಿಂಕ್ರೋ ಬಳೆ ಸವೆದಿದೆ. ಉಕ್ಕಿನ ಚೂರು ಬೆರಳಿಗೆ ಸಿಕ್ಕರೆ ಹಲ್ಲೋ ಬೇರಿಂಗೋ ಒಡೆದಿದೆ. ಬಿಚ್ಚಿದ ಭಾಗಗಳನ್ನು ಇದ್ದ ಕ್ರಮದಲ್ಲಿಯೇ ತಂತಿಗೆ ಪೋಣಿಸುವನು. ಗೇರನ್ನು ನಿಂತಲ್ಲಿ ನಿಲ್ಲಿಸುವ ಸಣ್ಣ ಗೋಲಿ ಸ್ಪ್ರಿಂಗಿನ ಒತ್ತಡಕ್ಕೆ ಸಿಡಿದು ಮಾಯವಾಗದಂತೆ ಅರಿವೆಯ ಚೂರನ್ನು ಅಡ್ಡ ಹಿಡಿಯುವನು. ಹೊಸ ಬಳೆಯನ್ನು ಗೇರಿನ ಶಂಕುವಿನ ಮೇಲೆ ಒತ್ತಿ ಕೂರಿಸಿ, ನಡುವಣ ಸಂದನ್ನು ಫೀಲರ್ ಗೇಜಿನಿಂದ ಅಳೆಯುವನು; ಸಂದು ಸಾಲದಿದ್ದರೆ ಬಳೆ ಹೊಸದಾದರೂ ನಿಷ್ಪ್ರಯೋಜಕ. ಗೇರ್‌ಬಾಕ್ಸಿನ ಸರ್ವಸ್ವವೂ ಈ ಅಳತೆಯಲ್ಲಿದೆ. ಬಿಚ್ಚುವ ಧೈರ್ಯವುಳ್ಳವರು ಅನೇಕರು, ಅಳೆಯುವ ತಾಳ್ಮೆಯುಳ್ಳವರು ವಿರಳ.

1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಈ ಪರಂಪರೆಯನ್ನು ಪರೀಕ್ಷೆಗೆ ಒಡ್ಡಿತು. ಅದರಲ್ಲಿ ಗೇರುಗಳೂ ಡಿಫರೆನ್ಷಿಯಲ್ಲೂ ಒಂದೇ ಕವಚದೊಳಗೆ ಸೇರಿ ಮುಂದಿನ ಚಕ್ರಗಳನ್ನೇ ತಿರುಗಿಸುವುದರಿಂದ, ಪೆಟ್ಟಿಗೆಯನ್ನು ಇಳಿಸಬೇಕಾದರೆ ಚಕ್ರಗಳಿಗೆ ಹೋಗುವ ಶಾಫ್ಟುಗಳನ್ನೂ ಕಳಚಬೇಕಾಯಿತು. ಬೇರಿಂಗುಗಳನ್ನು ಸುತ್ತಿಗೆಯಿಂದ ಬಡಿದೆಬ್ಬಿಸುತ್ತಿದ್ದ ಕೈಗೆ ಪುಲ್ಲರೂ ಪ್ರೆಸ್ಸೂ ಬೇಕಾದವು. ಹೊಸ ಶತಮಾನದ ಮೊದಲ ದಶಕದಲ್ಲಿ ಬಳ್ಳಾರಿಯ ಕಬ್ಬಿಣದ ಅದಿರು ಬೇಲೆಕೇರಿ ಬಂದರಿಗೆ ಹರಿದು ಘಟ್ಟದ ರಸ್ತೆ ಲಾರಿಗಳಿಂದ ಕಿಕ್ಕಿರಿಯಿತು. 2010ರಲ್ಲಿ ಲೋಕಾಯುಕ್ತದ ತನಿಖೆಯೂ ರಫ್ತಿನ ನಿಷೇಧವೂ ಬಂದೊದಗಿ ಆ ಪ್ರವಾಹ ನಿಂತಿತು, ಅದನ್ನೇ ನಂಬಿದ್ದವರ ಕೆಲಸವೂ ಕುಗ್ಗಿತು.

ಹಾಗಾದರೆ ಇಂದಿನ ಗೃಹಸ್ಥನು ಏನು ಮಾಡತಕ್ಕದ್ದು? ಮೊದಲು ರೋಗವು ಪೆಟ್ಟಿಗೆಯದೇ ಎಂದು ನಿಶ್ಚಯಿಸಿಕೊಳ್ಳಲಿ. ಗೇರು ಬೀಳುವಾಗಿನ ಕರಕರ ಶಬ್ದ ಎಷ್ಟೋ ಸಲ ಪೂರ್ತಿ ಬಿಡದ ಕ್ಲಚ್ಚಿನದು. ನ್ಯೂಟ್ರಲ್ಲಿನಲ್ಲಿ ಕೇಳುವ ಗುಂಯ್‌ಗುಟ್ಟು ಕ್ಲಚ್ಚನ್ನು ಒತ್ತಿದೊಡನೆ ನಿಂತರೆ ಒಳಗಣ ಬೇರಿಂಗಿನ ಮೇಲೆ ಸಂಶಯಪಡಬಹುದು. ಬಳೆ, ಬೇರಿಂಗು, ಸೀಲುಗಳು ಕೈಗೆ ಬಂದ ಮೇಲೆಯೇ ಪೆಟ್ಟಿಗೆಯನ್ನು ತೆರೆಯಲಿ. ಅದಕ್ಕೆ ಮುಂಚೆ ತೆರೆದರೆ, ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಈ ಉಪ್ಪುಗಾಳಿಯ ಸೀಮೆಯಲ್ಲಿ ಉಕ್ಕಿಗೆ ತುಕ್ಕು ಹಿಡಿಯಲು ತಡವಾಗದು. ಕಾರನ್ನು ಜಾಕಿನ ಮೇಲೆ ಮಾತ್ರ ನಂಬಿ ಎಂದೂ ಅಡಿಗೆ ನುಗ್ಗದಿರಲಿ. ಗಟ್ಟಿಯಾದ ಸ್ಟ್ಯಾಂಡು ಅವಶ್ಯ. ಇವೆಲ್ಲ ಇದ್ದು, ಆ ಕಾರಿಲ್ಲದೆಯೂ ಸಂಸಾರ ಸಾಗುವಂತಿದ್ದರೆ, ಮಳೆಗಾಲ ಕಳೆದ ಮೇಲೆ ಧಾರಾಳವಾಗಿ ಕೈ ಹಾಕಬಹುದು. ಇಲ್ಲದಿದ್ದರೆ ಪೆಟ್ಟಿಗೆಯನ್ನು ಇಳಿಸುವ, ಏರಿಸುವ ಕೆಲಸವನ್ನಷ್ಟೇ ತಾನು ವಹಿಸಿಕೊಂಡು, ಅದರ ಒಳಗಿನ ಕೆಲಸವನ್ನು ಪಳಗಿದ ಮಿಸ್ತ್ರಿಗೆ ಬಿಟ್ಟು, ಆತನ ಪಕ್ಕದಲ್ಲಿ ಕುಳಿತು ನೋಡುವುದು ಲೇಸು. ಕೂಲಿ ಸ್ವಲ್ಪ ಉಳಿಯುವುದು, ವಿದ್ಯೆ ಸ್ವಲ್ಪ ಬರುವುದು. ಘಟ್ಟವನ್ನು ಇಳಿಯುವಾಗ ಗೇರು ಜಾರೀತೆಂಬ ಭಯವೂ ತಪ್ಪುವುದು.