ಒರಗಿ ತುಳಿಯುವ ಮೂರು ಗಾಲಿ

ಮೂರು ಗಾಲಿಯ ಸೈಕಲ್ ಎಂದೊಡನೆ ನಮ್ಮ ಕಡೆ ಕಣ್ಣ ಮುಂದೆ ಬರುವುದು ಎರಡೇ ಚಿತ್ರ. ಒಂದು, ಅಂಗಳದಲ್ಲಿ ಗಂಟೆ ಬಾರಿಸುತ್ತ ಸುತ್ತುವ ಮಗುವಿನದು. ಇನ್ನೊಂದು, ಶಾಮಿಯಾನದ ಪಕ್ಕ ಸಾಲಾಗಿ ನಿಲ್ಲಿಸಿದ, ಕೈಯಿಂದ ತಿರುಗಿಸಿ ಓಡಿಸುವ ಗಾಡಿಗಳದು. ಅಲ್ಲಿ ಕೊಡುವವರು ವೇದಿಕೆಯ ಮೇಲಿರುತ್ತಾರೆ, ಪಡೆಯುವವರು ಬಿಸಿಲಲ್ಲಿ ಕಾಯುತ್ತಿರುತ್ತಾರೆ. ಬೆಳೆದ ಮನುಷ್ಯ, ಅದೂ ಕೈಕಾಲು ಗಟ್ಟಿಯಿರುವವನು, ಮೂರು ಗಾಲಿಯ ಮೇಲೆ ಕೂತರೆ ಊರಿಗೆ ಅರ್ಥವಾಗುವುದಿಲ್ಲ. ನಾನು ಕೂತಾಗ ಬಾಗಳಿಗೂ ಅರ್ಥವಾಗಲಿಲ್ಲ.

ಒಳಕಿವಿಯ ಕಾಯಿಲೆಯೊಂದು ನನ್ನ ಮೈಯ ಸಮತೋಲನವನ್ನು ಕಸಿದುಕೊಂಡು ಮೂರು ವರ್ಷವಾಯಿತು. ನಡೆಯಬಲ್ಲೆ, ಆದರೆ ಎರಡು ಗಾಲಿಯ ಮೇಲೆ ನಿಲ್ಲಲಾರೆ. ಹರಪನಹಳ್ಳಿಗೆ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದವನು ಬಸ್ಸಿಗೆ ಕಾಯುವವನಾದೆ. ಕಳೆದ ಚಳಿಗಾಲದಲ್ಲಿ ಬೆಂಗಳೂರಿನ ಗೆಳೆಯರೊಬ್ಬರು ತಮ್ಮ ಟ್ರೈಕನ್ನು ಗೂಡ್ಸ್ ಗಾಡಿಗೆ ಹಾಕಿ ಕಳಿಸಿದರು. ಮುಂದೆ ಎರಡು ಗಾಲಿ, ಹಿಂದೆ ಒಂದು, ನಡುವೆ ಆರಾಮ ಕುರ್ಚಿಯಂತೆ ಒರಗುವ ಸೀಟು. ಪೆಡಲು ದೇಹದ ಮುಂದಕ್ಕೆ, ಹ್ಯಾಂಡಲು ಸೀಟಿನ ಎರಡೂ ಮಗ್ಗುಲಲ್ಲಿ. ತುಳಿದರೆ ಮಾತ್ರ ನೆರವಿಗೆ ಬರುವ 250 ವ್ಯಾಟಿನ ಮೋಟಾರು.

ಮೊದಲ ಬೆಳಿಗ್ಗೆ ಕಲ್ಲೇಶ್ವರ ಗುಡಿಯ ಕಡೆ ಹೊರಟಾಗ ಕಟ್ಟೆಯ ಮೇಲಿದ್ದ ಅಜ್ಜಿ ಕೂಗಿದರು: ‘ಮಕ್ಕಂಡು ಗಾಡಿ ತುಳೀತೀಯಲ್ಲೋ ತಮ್ಮಾ!’ ಮುಂದಿನ ತಿರುವಿನಲ್ಲಿ ಇನ್ನೊಬ್ಬರು ದನಿ ತಗ್ಗಿಸಿ ಕೇಳಿದರು: ‘ಸರ್ಕಾರದೋರು ಕೊಟ್ರೇನ್ರೀ?’

ಓಡಿಸುವುದನ್ನು ಕಲಿಯಲು ವಾರ ಹಿಡಿಯಿತು. ಎರಡು ಗಾಲಿಯ ಸೈಕಲ್ ತಿರುವಿನಲ್ಲಿ ಸವಾರನ ಜೊತೆ ತಾನೂ ವಾಲುತ್ತದೆ. ಇದು ವಾಲುವುದಿಲ್ಲ. ವೇಗವಾಗಿ ತಿರುಗಿಸಿದರೆ ಒಳಬದಿಯ ಗಾಲಿ ನೆಲ ಬಿಟ್ಟೇಳುತ್ತದೆ, ಹಾಗಾಗಿ ಮೈಯನ್ನು ಬೇಕೆಂದೇ ಒಳಕ್ಕೆ ಬಾಗಿಸಬೇಕು. ಪಾದ ಜಾರಿ ನೆಲಕ್ಕೆ ತಾಗಿದರೆ ಗಾಡಿ ಅದರ ಮೇಲೇ ಬರುವುದರಿಂದ ಪಾದವನ್ನು ಪೆಡಲಿಗೆ ಪಟ್ಟಿಯಿಂದ ಬಿಗಿಯಬೇಕು. ಏರಿನಲ್ಲಿ ಎದ್ದು ನಿಂತು ತುಳಿಯುವಂತಿಲ್ಲ. ಗೇರು ಇಳಿಸಿ ಕಾಲನ್ನು ಹಗುರವಾಗಿ, ಬೇಗಬೇಗ ಆಡಿಸಬೇಕು. ಸಾಧಾರಣ ಮನುಷ್ಯ ಬಹಳ ಹೊತ್ತು ತುಳಿಯುವಾಗ ಸುಮಾರು 75ರಿಂದ 100 ವ್ಯಾಟಿನಷ್ಟು ಶಕ್ತಿ ಹಾಕಬಲ್ಲ. ಅದಕ್ಕೆ ಮೋಟಾರು ಕೈ ಜೋಡಿಸಿದಾಗ ಏರು ಸಪಾಟಾದಂತೆ ಅನಿಸುತ್ತದೆ. ಇನ್ನುಳಿದದ್ದು ನಮ್ಮ ರಸ್ತೆಯ ಪಾಠ: ಟಾರಿನ ಮೇಲೆ ಒಣಹಾಕಿದ ಮೆಕ್ಕೆಜೋಳದ ಬದಿಯಲ್ಲಿ ನುಸುಳುವುದು, ಹೊಟ್ಟೆ ತಾಗುವ ಸ್ಪೀಡ್ ಬ್ರೇಕರನ್ನು ಓರೆಯಾಗಿ ಹತ್ತಿಸುವುದು, ಲಾರಿಯವರ ಕಣ್ಣಿಗೆ ಬೀಳಲು ಉದ್ದನೆಯ ಕೋಲಿಗೆ ಬಾವುಟ ಕಟ್ಟುವುದು.

‘ಸರ್ಕಾರದೋರು ಕೊಟ್ರೇನ್ರೀ’ ಎಂಬ ಪ್ರಶ್ನೆ ಮಾತ್ರ ತಲೆಯಲ್ಲಿ ಉಳಿಯಿತು. ಮೂರು ಗಾಲಿಗೂ ಕನಿಕರಕ್ಕೂ ಈ ನಂಟು ಎಂದಿನಿಂದ? ಹುಡುಕುತ್ತ ಹೋದರೆ ಚರಿತ್ರೆ ಬೇರೆಯೇ ಹೇಳುತ್ತದೆ.

1655ರಲ್ಲಿ ಜರ್ಮನಿಯ ನ್ಯೂರೆಂಬರ್ಗ್ ಬಳಿಯ ಆಲ್ಟ್‌ಡೋರ್ಫ್ ಊರಿನಲ್ಲಿ ಸ್ಟೆಫಾನ್ ಫಾರ್ಫ್ಲರ್ ಎಂಬ ಗಡಿಯಾರ ಕುಶಲಕರ್ಮಿ ಮೂರು ಗಾಲಿಯ ಗಾಡಿಯೊಂದನ್ನು ಮಾಡಿದ. ಅವನಿಗೆ ನಡೆಯಲಾಗುತ್ತಿರಲಿಲ್ಲ. ಹಲ್ಲುಚಕ್ರಗಳ ಕೆಲಸ ಗೊತ್ತಿದ್ದುದರಿಂದ ಕೈಯಿಂದ ತಿರುಗಿಸಿದರೆ ಮುಂದಿನ ಗಾಲಿ ಓಡುವಂತೆ ಜೋಡಿಸಿದ. ಆಗ ಅವನಿಗೆ 22 ವರ್ಷ. ನಾವು ಇಂದು ಬಲ್ಲ ಸೈಕಲ್ ಹುಟ್ಟಲು ಇನ್ನೂ ಇನ್ನೂರು ವರ್ಷ ಬಾಕಿಯಿತ್ತು. ಅವನ ಗಾಡಿಯನ್ನು ಯಾರೂ ದಾನ ಕೊಟ್ಟದ್ದಲ್ಲ, ತನ್ನ ಮೈಯ ಅಳತೆಗೆ ತಾನೇ ಮಾಡಿಕೊಂಡದ್ದು.

1870ರ ದಶಕದ ಇಂಗ್ಲೆಂಡಿನಲ್ಲಿ ಮೂರು ಗಾಲಿ ಗೌರವದ ವಾಹನವಾಗಿತ್ತು. ಆಗಿನ ಎತ್ತರದ ಗಾಲಿಯ ಸೈಕಲ್ಲಿನಿಂದ ಬಿದ್ದರೆ ತಲೆಯೇ ಮೊದಲು ನೆಲಕ್ಕೆ. ಹೆಂಗಸರು, ವಯಸ್ಸಾದವರು ಕೊವೆಂಟ್ರಿಯ ಜೇಮ್ಸ್ ಸ್ಟಾರ್ಲಿ ಮಾಡಿದ ಮೂರು ಗಾಲಿಗಳನ್ನು ಹತ್ತಿದರು. 1881ರಲ್ಲಿ ವಿಕ್ಟೋರಿಯಾ ರಾಣಿಯೇ ಅವನ್ನು ತರಿಸಿಕೊಂಡಳು. ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ಗಾಳಿ ತುಂಬಿದ ಟೈರನ್ನು ಮೊದಲು ಕಟ್ಟಿದ್ದು ಮಗನ ಮೂರು ಗಾಲಿ ಸೈಕಲ್ಲಿಗೆ. ಅದೇ ಟೈರು ಎರಡು ಗಾಲಿಯ ‘ಸೇಫ್ಟಿ’ ಸೈಕಲ್ಲಿಗೆ ಸೇರಿದ ಮೇಲೆ ಮೂರು ಗಾಲಿ ಬೀದಿಯಿಂದ ಸರಿಯಿತು.

ಒರಗಿ ತುಳಿಯುವುದರ ಕಥೆ ಇನ್ನೂ ಸ್ವಾರಸ್ಯದ್ದು. ಫ್ರಾನ್ಸಿನ ಚಾರ್ಲ್ಸ್ ಮೋಷೆ ಮಗನಿಗೆಂದು ನಾಲ್ಕು ಗಾಲಿಯ ಪೆಡಲ್ ಕಾರು ಮಾಡಿದ. ದೊಡ್ಡವರೂ ಕೇಳತೊಡಗಿದಾಗ ಅವರಿಗೂ ಮಾಡಿ, ಕೊನೆಗೆ ಅದನ್ನೇ ಎರಡು ಗಾಲಿಯ, ಒರಗಿ ಕೂರುವ ಸೈಕಲ್ ಮಾಡಿದ. 1933ರ ಜುಲೈ 7ರಂದು ಫ್ರಾನ್ಸಿಸ್ ಫೋರ್ ಎಂಬ ಎರಡನೆಯ ಸಾಲಿನ ಸವಾರ ಅದರ ಮೇಲೆ ಒಂದು ಗಂಟೆಯಲ್ಲಿ 45.055 ಕಿಲೋಮೀಟರ್ ಓಡಿಸಿ 1914ರಿಂದ ಉಳಿದಿದ್ದ ದಾಖಲೆ ಮುರಿದ. ಮರುವರ್ಷ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಸೈಕಲ್ ಎಂದರೆ ಏನೆಂಬ ಹೊಸ ವ್ಯಾಖ್ಯೆ ಬರೆದು ಒರಗುವ ಸೈಕಲ್ಲನ್ನು ಪಂದ್ಯದಿಂದ ಹೊರಗಿಟ್ಟಿತು. ‘ಸೈಕಲ್ ಎಂದರೆ ಹೀಗೇ ಇರಬೇಕು’ ಎಂದು ನಮಗೆ ಅನಿಸುವುದರ ಹಿಂದೆ ಇಂಥದೊಂದು ಕಾಗದದ ತೀರ್ಮಾನವೂ ಇದೆ.

ನಮ್ಮಲ್ಲಿ ಮೂರು ಗಾಲಿ ಬಂದದ್ದು ಬೇರೆ ದಾರಿಯಿಂದ. ಅಂಗವಿಕಲರ ಸಾಧನಗಳಿಗಾಗಿ ಕೇಂದ್ರ ಸರ್ಕಾರ 1972ರಲ್ಲಿ ಕಾನ್ಪುರದಲ್ಲಿ ಅಲಿಂಕೋ ಸಂಸ್ಥೆಯನ್ನು ಕಟ್ಟಿತು. 1981ರಿಂದ ಸಾಧನ ಹಂಚುವ ಯೋಜನೆಯೂ ಬಂತು. ಅದರಿಂದ ಮನೆಯ ಮೂಲೆ ಬಿಟ್ಟು ಸಂತೆಗೆ, ಶಾಲೆಗೆ, ಅಂಗಡಿಗೆ ಬಂದವರು ಎಷ್ಟೋ ಮಂದಿ. ಅದು ಸಣ್ಣ ಮಾತಲ್ಲ. ಆದರೆ ಫಾರ್ಫ್ಲರ್ ತನಗೆ ಬೇಕಾದ್ದನ್ನು ಮಾಡಿಕೊಂಡ, ಇಲ್ಲಿ ಬಂದದ್ದನ್ನು ತೆಗೆದುಕೊಳ್ಳಬೇಕಾಯಿತು. ಅದನ್ನು ಕೇಳಿ ಪಡೆಯಲು ಹೋಗಬೇಕಾದ ಊರೂ ಬದಲಾಗುತ್ತ ಬಂತು. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು.

ನಮ್ಮ ಪುರಾಣ ಇಷ್ಟು ಸಂಕೋಚದ್ದಲ್ಲ. ಸೂರ್ಯನ ಒಂಟಿ ಗಾಲಿಯ ರಥ ನಡೆಸುವ ಅರುಣನಿಗೆ ತೊಡೆಗಳಿಲ್ಲ. ಅಮರಕೋಶದಲ್ಲಿ ಅವನಿಗೆ ‘ಅನೂರು’ ಎಂಬ ಹೆಸರೇ ಇದೆ. ಆದರೂ ಲಗಾಮು ಅವನ ಕೈಯಲ್ಲಿದೆ, ಹಗಲು ನಡೆಯುವುದು ಅವನಿಂದ.

ನಮ್ಮೂರಿನಲ್ಲಿ ಬಹಳ ವರ್ಷದಿಂದ ಕೈಗಾಡಿಯಲ್ಲಿ ಓಡಾಡುವ ಹಿರಿಯರೊಬ್ಬರಿದ್ದಾರೆ. ಊರೆಲ್ಲ ನನ್ನ ಟ್ರೈಕಿನ ಬೆಲೆ ಕೇಳಿದರೆ, ಅವರು ಅದರ ಸುತ್ತ ಒಂದು ಸುತ್ತು ಬಂದು ಟೈರು ಒತ್ತಿ ನೋಡಿದರು, ಉದ್ದನೆಯ ಚೈನಿಗೆ ಬೆರಳಿಟ್ಟರು. ‘ಕೈಯಾಗ ತಿರುಗ್ಸೋಂಗೂ ಮಾಡಬೌದೇನಪ್ಪಾ?’ ಎಂದರು. ಮಾಡಬಹುದು, ಅಂಥವೂ ಇವೆ ಎಂದೆ. 250 ವ್ಯಾಟಿನೊಳಗೆ, ಗಂಟೆಗೆ 25 ಕಿಲೋಮೀಟರಿನೊಳಗೆ ಇದ್ದರೆ ಲೈಸೆನ್ಸೂ ಬೇಡ, ನೋಂದಣಿಯೂ ಬೇಡ ಎಂದೂ ಹೇಳಿದೆ. ಅವರು ತಲೆಯಾಡಿಸಿ, ‘ಈ ಟೈರು ಹರಿದ್ರೆ ಹರಪನಹಳ್ಳಿಯಾಗ ಸಿಗ್ತತೇನು?’ ಎಂದು ಕೇಳಿದರು. ಸಿಗುವುದಿಲ್ಲ. ‘ಮೊದ್ಲು ಅದನ್ನ ನೋಡ್ರಿ’ ಎಂದು ತಮ್ಮ ಗಾಡಿ ತಿರುಗಿಸಿಕೊಂಡು ಹೊರಟರು.