ಎರಡಡಿಗೂ ಆರುನೂರು ಮಿಲಿಮೀಟರಿಗೂ ನಡುವೆ

ಬೆಂಗಳೂರು ಹತ್ತಿರದ ಸರ್ಜಾಪುರದಲ್ಲಿ ನಮ್ಮ ಮನೆತನದ ಬಡಗಿಗಳಿಗೆ ಅನ್ನ ಹಾಕಿದ್ದು ಅಡುಗೆಮನೆಯಲ್ಲ, ಮಗ್ಗ. ಬ್ರಿಟಿಷರ ಕಾಲದ ಗೆಜೆಟಿಯರ್ ನಮ್ಮೂರನ್ನು ಹತ್ತಿ ಬಟ್ಟೆ, ಜಮಖಾನ, ಲಾಡಿ ನೇಯುವ ಊರು ಅಂತ ಬರೆದಿದೆ. ಅದಕ್ಕೂ ಹಿಂದೆ ಇಲ್ಲಿ ನಯವಾದ ಮಸ್ಲಿನ್ ಆಗುತ್ತಿತ್ತಂತೆ. ಆಮೇಲೆ ರೇಷ್ಮೆ. ತಾತ, ಅಪ್ಪ ಇಬ್ಬರೂ ಮಗ್ಗದ ಕಂಬ, ಹಲಗೆ, ಲಾಳಿ ರಿಪೇರಿ ಮಾಡಿಕೊಂಡು ಬದುಕಿದವರು. ಮಗ್ಗದಲ್ಲಿ ಬಿಟ್ಟ ಸಂದು ಸೀರೆಯಲ್ಲಿ ಕಾಣುತ್ತೆ ಅನ್ನೋದು ಅಪ್ಪನ ಲೆಕ್ಕ. ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಭಾಗ, ಆಚೀಚೆಯಾದರೆ ಬೈಗುಳ ಖಾಯಂ. ನಾನು ಈಗ ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟುಗಳಲ್ಲಿ ಮಾಡ್ಯುಲರ್ ಕಿಚನ್ ಕೂಡಿಸುತ್ತೇನೆ. ಅದರಲ್ಲಿ ಅರ್ಧ ಕೆಲಸ ಸಂದು ಮುಚ್ಚೋದೇ.

ಅಜ್ಜಿಯ ಅಡುಗೆಮನೆಯಲ್ಲಿ ಈ ತಾಪತ್ರಯ ಇರಲಿಲ್ಲ. ಒಲೆ ನೆಲದಿಂದಲೇ ಎದ್ದದ್ದು. ಪಕ್ಕದ ಕೋಡೊಲೆಯೂ ಅದೇ ಮಣ್ಣು. ಬಿರುಕು ಬಿಟ್ಟರೆ ಮಣ್ಣು ಸಗಣಿ ಕಲಸಿ ಹೆಂಗಸರೇ ಮೆತ್ತುತ್ತಿದ್ದರು. ಒರಳು ನೆಲದಲ್ಲೇ ಹೂತಿತ್ತು, ಪಾತ್ರೆ ಗೋಡೆಗೂಡಿನಲ್ಲಿ, ಉಳಿದಿದ್ದು ಅಟ್ಟದ ಮೇಲೆ. ಅಂಗಡಿಯಿಂದ ತಂದು ಎರಡು ಗೋಡೆ ನಡುವೆ ತೂರಿಸುವ ಸಾಮಾನು ಒಂದೂ ಇರಲಿಲ್ಲ. ಹೊಗೆ ಕುಡಿದೇ ಅಡುಗೆ ಮಾಡಬೇಕಿತ್ತು ಅನ್ನೋದು ಬೇರೆ ಮಾತು, ಆ ಕಾಲವನ್ನು ಹೊಗಳೋಕೆ ನಾನು ತಯಾರಿಲ್ಲ.

ಹೆಂಗಸರನ್ನು ನೆಲದಿಂದ ಎಬ್ಬಿಸಿ ನಿಲ್ಲಿಸಿದ್ದು ಗ್ಯಾಸ್. 1965ರಲ್ಲಿ ಕಲ್ಕತ್ತೆಯಲ್ಲಿ ಇಂಡೇನ್ ಶುರುವಾಯಿತು. ನಮ್ಮ ಕಡೆ ಹಳ್ಳಿಗಳಿಗೆ ಸಿಲಿಂಡರ್ ಬರೋ ಹೊತ್ತಿಗೆ ಬಹಳ ವರ್ಷ ಕಳೆದಿತ್ತು. ಅದರ ಜೊತೆಗೇ ಕಟ್ಟೆ ಬಂತು. ಕೆಳಗೆ ಇಟ್ಟಿಗೆ ಗೋಡೆ, ಮೇಲೆ ಕಡಪ ಕಲ್ಲು. ಆಮೇಲಾಮೇಲೆ ಜಿಗಣಿಯಲ್ಲಿ ಕೊಯ್ದು ಪಾಲಿಶ್ ಹಾಕಿದ ಗ್ರಾನೈಟು. ಮೇಸ್ತ್ರಿಗಳ ಬಾಯಲ್ಲಿದ್ದ ಅಳತೆ ಎರಡಡಿ ಅಗಲ, ಎರಡಡಿ ಎಂಟಿಂಚು ಎತ್ತರ. ಇದನ್ನು ಯಾವ ಪುಸ್ತಕ ನೋಡಿಯೂ ಇಟ್ಟಿದ್ದಲ್ಲ. ಹದಿನಾಲ್ಕು ಕೆಜಿ ಗ್ಯಾಸಿನ ಸಿಲಿಂಡರ್ ಕಲ್ಲಿನ ಕೆಳಗೆ ನೆಟ್ಟಗೆ ನಿಲ್ಲಬೇಕು, ರೆಗ್ಯುಲೇಟರಿಗೆ ಕೈ ಹೋಗಬೇಕು. ಮೇಲೆ ಅಡುಗೆ ಮಾಡೋರ ಮೊಣಕೈಗಿಂತ ಪಾತ್ರೆ ತಗ್ಗಿರಬೇಕು. ಒಳ್ಳೆ ಮೇಸ್ತ್ರಿಯಾದರೆ ಮನೆಯಾಕೆಯನ್ನೇ ಕರೆದು, "ನಿಂತ್ಕೊಳ್ಳಿ ಅಮ್ಮಾ" ಅಂತ ಗೋಡೆಗೆ ಗೆರೆ ಎಳೆಯುತ್ತಿದ್ದ.

ಫ್ರಿಜ್ಜು ಮಾತ್ರ ಬಹುಕಾಲ ಅಡುಗೆಮನೆಗೆ ಕಾಲಿಡಲಿಲ್ಲ. ದೇಶದಲ್ಲಿ ಗೋದ್ರೆಜ್ 1958ರಲ್ಲೇ ಫ್ರಿಜ್ ತಯಾರಿಸಿತ್ತು, ಆದರೆ ನಮ್ಮಂಥವರ ಮನೆಯಲ್ಲಿ ಅದು ನಡುಮನೆಯ ಅಲಂಕಾರ. ತಲೆ ಮೇಲೆ ಕಸೂತಿ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಹಣ್ಣಿನ ಬುಟ್ಟಿ. ಕೊನೆಗೆ ಅದು ಅಡುಗೆಮನೆಗೆ ಬಂದಾಗ ಮೇಸ್ತ್ರಿಗಳು ಎರಡೂವರೆ ಅಡಿ ಗೂಡು ಬಿಟ್ಟರು. ಆಗಿನ ಒಂದು ಬಾಗಿಲಿನ ಫ್ರಿಜ್ಜಿಗೆ ಇಪ್ಪತ್ತೊಂದು ಇಂಚು ಸಾಕು. ಉಳಿದ ಒಂಬತ್ತು ಇಂಚಿನಲ್ಲಿ ಪೊರಕೆ, ಮೊರ, ಮಡಚಿಟ್ಟ ಇಸ್ತ್ರಿ ಟೇಬಲ್ಲು, ಯಾವತ್ತಾದರೂ ಬೇಕಾಗಬಹುದು ಅಂತ ಕೂಡಿಟ್ಟ ಪ್ಲಾಸ್ಟಿಕ್ ಕವರುಗಳು. ಈಗ ಅದೇ ಗೂಡಿಗೆ ಎರಡು ಬಾಗಿಲಿನ ಮೂವತ್ತಾರು ಇಂಚಿನ ಫ್ರಿಜ್ ತಂದು ನಿಲ್ಲಿಸಿ, "ಏನಾದ್ರೂ ಮಾಡಿ" ಅನ್ನುತ್ತಾರೆ. ಗೋಡೆ ಒಡೆಯೋದು ಬಿಟ್ಟು ಇನ್ನೇನು ಮಾಡೋದು?

ದೊಡ್ಡಕನ್ನೆಲ್ಲಿಯಲ್ಲಿ ವಿಪ್ರೋ ಬಂದು, ಸರ್ಜಾಪುರ ರಸ್ತೆಯ ಉದ್ದಕ್ಕೂ ಅಪಾರ್ಟ್‌ಮೆಂಟ್ ಎದ್ದ ಮೇಲೆ ನಮ್ಮ ಟೇಪಿನ ಇನ್ನೊಂದು ಅಂಚಿಗೆ, ಮಿಲಿಮೀಟರಿನ ಅಂಚಿಗೆ, ಕೆಲಸ ಬಿತ್ತು. ಮೆಟ್ರಿಕ್ ಅಳತೆ ಹೊಸದೇನಲ್ಲ, 1956ರಲ್ಲಿ ಕಾಯಿದೆಯಾಗಿ 1958ರ ಅಕ್ಟೋಬರಿನಿಂದ ಹಂತಹಂತವಾಗಿ ಜಾರಿಗೆ ಬಂತು. ಕಿಲೋ, ಲೀಟರು ಜನಕ್ಕೆ ಒಗ್ಗಿತು, ಮನೆ ಕಟ್ಟೋರಿಗೆ ಮೀಟರು ಮಾತ್ರ ಒಗ್ಗಲಿಲ್ಲ. ಇವತ್ತಿಗೂ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿನಲ್ಲಿ ಪ್ಲೈವುಡ್ ಕೇಳಿದರೆ ಉದ್ದಗಲ ಎಂಟು ನಾಲ್ಕು ಅಡಿ, ದಪ್ಪ ಹದಿನೆಂಟು ಎಂಎಂ. ಒಂದೇ ಹಲಗೆಗೆ ಎರಡು ಭಾಷೆ!

ಅಡುಗೆಮನೆ ಮೆಷಿನುಗಳ ಅಳತೆ ಬಂದಿದ್ದು ಯುರೋಪಿನಿಂದ. 1926ರಲ್ಲಿ ಫ್ರಾಂಕ್‌ಫರ್ಟ್ ನಗರದ ಹೊಸ ಮನೆಗಳಿಗೆ ಮಾರ್ಗರೆಟ್ ಶ್ಯುಟ್ಟೆ-ಲಿಹೋಟ್ಸ್ಕಿ ಎಂಬ ಆಸ್ಟ್ರಿಯಾದ ವಾಸ್ತುಶಿಲ್ಪಿ, ಎರಡು ಮೀಟರಿಗೂ ಕಮ್ಮಿ ಅಗಲ, ಮೂರೂವರೆ ಮೀಟರಿನಷ್ಟು ಉದ್ದದ ಅಡುಗೆಮನೆ ರೂಪಿಸಿದಳು. ಸುಮಾರು ಹತ್ತು ಸಾವಿರ ಮನೆಗೆ ಅದು ಹೋಯಿತು. ಮಾಡ್ಯುಲರ್ ಕಿಚನ್ನಿನ ಮೂಲ ಅದೇ ಅನ್ನುತ್ತಾರೆ. ಅಲ್ಲಿ ಗೋಡೆ, ಕಪಾಟು ಎರಡನ್ನೂ ಒಟ್ಟಿಗೇ ಯೋಚಿಸಿದ್ದರು. ಆಮೇಲೆ ಯುರೋಪಿನಲ್ಲಿ ಆರುನೂರು ಮಿಲಿಮೀಟರು ರೂಢಿಯ ಅಳತೆಯಾಗಿ, ಕಪಾಟು, ಓವನ್ನು, ಡಿಶ್‌ವಾಷರು ಎಲ್ಲ ಅದಕ್ಕೆ ಒಗ್ಗಿದವು. ನಮಗೆ ಬಂದಿದ್ದು ಮೆಷಿನ್ನು ಮಾತ್ರ, ಗೋಡೆ ಮೇಸ್ತ್ರಿಯದೇ.

ಎರಡಡಿ ಅಂದರೆ 610 ಮಿಲಿಮೀಟರು, ಆರುನೂರರ ಮೆಷಿನ್ ಹಾಯಾಗಿ ಕೂರಬೇಕಲ್ಲ ಅಂತ ಕಾಗದದ ಮೇಲೆ ಅನ್ನಿಸುತ್ತೆ. ಆದರೆ ಕಟ್ಟೆ ಕೆಳಗೆ ಮೇಸ್ತ್ರಿ ಬಿಡೋ ಎರಡಡಿ ಬರಿ ಇಟ್ಟಿಗೆಯಿಂದ ಇಟ್ಟಿಗೆಗೆ. ಒಂದೊಂದು ಪಕ್ಕಕ್ಕೂ ಗಾರೆ, ಟೈಲ್ಸು ಸೇರಿ ಮುಕ್ಕಾಲು ಇಂಚು ತಿಂದರೆ ಉಳಿಯೋದು ಹೆಚ್ಚುಕಮ್ಮಿ 570. ಎತ್ತರದ್ದು ಇನ್ನೂ ಫಜೀತಿ. ಎರಡಡಿ ಎಂಟಿಂಚು ಅಂದರೆ 813. ಕಡಪ, ಗಾರೆ, ಗ್ರಾನೈಟು ಸೇರಿ ಎರಡು ಇಂಚು ಕಳೆದರೆ 762. ಡಿಶ್‌ವಾಷರಿಗೆ ಮೇಲಿನ ಮುಚ್ಚಳ ತೆಗೆದರೂ 820 ಆಸುಪಾಸು ಬೇಕು. 2020ರ ಲಾಕ್‌ಡೌನಿನಲ್ಲಿ ಪಾತ್ರೆ ತೊಳೆಯುವವರು ಗೇಟು ದಾಟಿ ಬರದಂತಾದಾಗ ಎಲ್ಲರೂ ಅದನ್ನೇ ತರಿಸಿದರು. ಪೈಪ್ ಗ್ಯಾಸ್ ಬಂದ ಮನೆಗಳಲ್ಲಿ ಸಿಲಿಂಡರಿನ ಜಾಗ ಖಾಲಿ ಬಿದ್ದಿತ್ತು. ಅದಕ್ಕೆ ಅಂತ 450ರ ಸಣ್ಣ ಮೆಷಿನ್ ತಂದವರೂ ಇದ್ದರು. ಅಗಲ ಸರಿಹೋಯಿತು, ಎತ್ತರ ಕೈಕೊಟ್ಟಿತು. ಸಿಲಿಂಡರಿಗಾಗಿ ಇಟ್ಟ ಎತ್ತರ ಸಿಲಿಂಡರ್ ಹೋದ ಮೇಲೂ ಹಾಗೇ ಉಳಿದಿತ್ತು. ಮೆಷಿನುಗಳು ಯುಟಿಲಿಟಿಗೆ ಹೋಗಿ ವಾಷಿಂಗ್ ಮೆಷಿನ್ ಪಕ್ಕ ನಿಂತವು.

ಸಂದು ಮುಚ್ಚೋ ಸಾಮಾನೂ ಬದಲಾಗಿದೆ. ಮೊದಲು ವೈಟ್ ಸಿಮೆಂಟು, ಎಂ-ಸೀಲು. ಈಗ ಬಂದೂಕಿನಿಂದ ಒತ್ತುವ ಸಿಲಿಕೋನು. ಸ್ಟವ್ವಿಗೂ ಕಲ್ಲಿಗೂ ನಡುವೆ ಸಾಂಬಾರು ಇಳಿಯದ ಹಾಗೆ ಅದು ಸಾಕು. ಗೋಡೆ ಪಕ್ಕದ ಒಂದೆರಡು ಇಂಚಿಗೆ ಮರದ ಫಿಲ್ಲರ್ ಪಟ್ಟಿಯೇ ಬೇಕು. ಅಲ್ಲಿ ಪಟ್ಟಿ ಇರದಿದ್ದರೆ ಡ್ರಾಯರ್ ಚೌಕಟ್ಟಿಗೆ ಬಡಿದು ತೆರೆಯೋದೇ ಇಲ್ಲ. ಪಟ್ಟಿಯನ್ನು ನೇರವಾಗಿ ಕೊಯ್ದು ಇಟ್ಟರೆ ಮೇಲೆ ಕೂತಿರುತ್ತೆ, ಕೆಳಗೆ ಬೆರಳು ತೂರುತ್ತೆ. ತೂಗುಗುಂಡು ಬಿಟ್ಟು ನೋಡಿದರೆ ನೆಟ್ಟಗಿರೋ ಗೋಡೆ ಸಿಗೋದು ಅಪರೂಪ. ಪಟ್ಟಿಯನ್ನು ಗೋಡೆಗೆ ಆನಿಸಿ, ಚಿಕ್ಕ ಮರದ ತುಂಡಿನ ಮೇಲೆ ಪೆನ್ಸಿಲ್ ಇಟ್ಟುಕೊಂಡು ಗೋಡೆಯನ್ನೇ ಸವರುತ್ತಾ ಇಳಿಯಬೇಕು. ಗೋಡೆಯ ಸೊಟ್ಟವೆಲ್ಲ ಪಟ್ಟಿ ಮೇಲೆ ಬರುತ್ತೆ; ಆ ಗೆರೆಯ ತನಕ ಕೆತ್ತಿದರೆ ಸಂದೇ ಇಲ್ಲ. ಅಪ್ಪ ಕಲಿಸಿದ್ದರಲ್ಲಿ ಇವತ್ತಿಗೂ ಇದ್ದದ್ದು ಇದ್ದಹಾಗೇ ನಡೆಯೋದು ಇದೊಂದೇ.

ಎಲ್ಲಾ ಸಂದನ್ನೂ ಮುಚ್ಚಿ ಅನ್ನೋರ ಜೊತೆ ನನಗೆ ಜಗಳ. ಈಗಿನ ಎಷ್ಟೋ ಫ್ರಿಜ್ಜುಗಳು ಬಿಸಿಯನ್ನು ಪಕ್ಕದ ತಗಡಿನಿಂದಲೇ ಬಿಡುತ್ತವೆ. ಎರಡೂ ಕಡೆ ಬಿಗಿಯಾಗಿ ಹಲಗೆ ಹೊಡೆದರೆ ಕಂಪ್ರೆಸರಿಗೆ ಬಿಡುವೇ ಇಲ್ಲ, ಕರೆಂಟು ಬಿಲ್ಲು ಏರುತ್ತೆ. ಫೋಟೋದಲ್ಲಿ ಸಂದಿಲ್ಲದ ಕಿಚನ್ ಚೆನ್ನಾಗಿ ಕಾಣುತ್ತೆ ನಿಜ, ಫೋಟೋಗೆ ಬಿಲ್ಲು ಬರಲ್ಲ.

ಬಾಡಿಗೆ ಮನೆಗಳದ್ದು ಇನ್ನೊಂದು ಕಥೆ. ಎರಡು ವರ್ಷಕ್ಕೊಬ್ಬರು ಬರುತ್ತಾರೆ, ಒಬ್ಬೊಬ್ಬರದೂ ಒಂದೊಂದು ಫ್ರಿಜ್ಜು. ಅಂಥ ಕಡೆ ನಾನು ಫಿಲ್ಲರಿಗೆ ಗೋಂದು ಹಾಕಲ್ಲ, ಸ್ಕ್ರೂ ಮಾತ್ರ. ಹಿಂಬದಿಯಲ್ಲಿ ಗೂಡಿನ ಅಳತೆಯನ್ನು ಅಡಿ-ಇಂಚಿನಲ್ಲೂ ಎಂಎಂನಲ್ಲೂ ಬರೆದಿಡುತ್ತೇನೆ. ಬಿಚ್ಚೋನು ನಮ್ಮೂರವನಾದರೂ ಸರಿ, ರಾಜಸ್ಥಾನದಿಂದ ಬಂದ ಹುಡುಗನಾದರೂ ಸರಿ, ಎರಡರಲ್ಲಿ ಒಂದನ್ನಂತೂ ಓದುತ್ತಾನೆ.